ನಾಲ್ಕು ಸಿಲಿಂಡರಿಗೂ ಸಮಪಾಲು: 1971ರ ವ್ಯಾನಿಗೆ ಜೋಡಿ ಕಾರ್ಬ್ಯುರೇಟರ್ ಕೂರಿಸಿದ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್‌ನಿಂದ ಸಾಂತಾ ಕ್ರೂಸ್‌ಗೆ ಹೋಗುವ ಹೆದ್ದಾರಿ 17ರ ಏರು ಬಂತೆಂದರೆ ನಮ್ಮ ಫೋಕ್ಸ್‌ವ್ಯಾಗನ್ ವ್ಯಾನಿಗೆ ಏದುಸಿರು. ಗಂಟೆಗೆ 55 ಕಿಲೋಮೀಟರಿಗೆ ಇಳಿದು, ಮೂರನೇ ಗೇರಿನಲ್ಲಿ ಎಳೆಯಲಾರದೆ ಎರಡಕ್ಕೆ ಬರಬೇಕಿತ್ತು. 1971ರ ಗಾಡಿ, ಹಿಂದುಗಡೆ 1584 ಸಿಸಿಯ ಏರ್‌ಕೂಲ್ಡ್ ಎಂಜಿನ್, ಅದರ ನೆತ್ತಿಯ ಮೇಲೆ ಒಂದೇ ಒಂದು ಸೋಲೆಕ್ಸ್ 34 ಪಿಕ್ಟ್-3 ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ. ಮೂರನೇ ಸಿಲಿಂಡರಿನ ಪ್ಲಗ್ಗಿನ ಕೆಳಗೆ ಹಾಕಿದ್ದ ಟೆಂಪರೇಚರ್ ಮೀಟರು ಆ ಏರಿನಲ್ಲಿ 215 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ಈ ಎಂಜಿನ್ನಿನಲ್ಲಿ ಹೆಡ್ಡು, ಅಂದರೆ ಸಿಲಿಂಡರುಗಳ ಮುಚ್ಚಳ, ಕಾದರೆ ಎಕ್ಸಾಸ್ಟ್ ವಾಲ್ವಿಗೆ ಅಪಾಯ. ನನಗಿದ್ದ ಚಿಂತೆ ವೇಗದ್ದಲ್ಲ, ಈ ಬಿಸಿಯದು.

ತಿಪಟೂರಿನಲ್ಲಿ ನಮ್ಮ ಸೋದರಮಾವನ ಗ್ಯಾರೇಜಿತ್ತು. ರಜೆಯಲ್ಲಿ ಅಲ್ಲಿ ಅಂಬಾಸಿಡರ್ ಕಾರುಗಳ ಜೆಟ್ಟು, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ, ತೊಳೆದು ಕೊಟ್ಟವನು ನಾನು. ಜೋಡಿ ಕಾರ್ಬ್ಯುರೇಟರ್ ಹಾಕುವ ಯೋಚನೆ ಬಂದಾಗ ಮೊದಲು ಫೋನ್ ಮಾಡಿದ್ದು ಅವರಿಗೇ.

"ಟ್ಯಾಪೆಟ್ ನೋಡಿದ್ಯೇನೋ? ಪಾಯಿಂಟು?"

"ಇನ್ನೂ ಇಲ್ಲ ಮಾವ."

"ಹಂಗಾದ್ರೆ ಕಾರ್ಬ್ಯುರೇಟರ್ ಮುಟ್ಬೇಡ. ಅದು ಕೊನೇಗೆ."

ಮಾತು ಕೇಳಿದೆ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲಿ ಎಂಟೂ ವಾಲ್ವುಗಳಿಗೆ 0.15 ಮಿಲಿಮೀಟರ್ ಟ್ಯಾಪೆಟ್ ಗ್ಯಾಪು ಇಟ್ಟೆ, ಕಿಡಿಯ ಸಮಯ ಹಿಡಿಯುವ ಪಾಯಿಂಟಿಗೆ 0.4. ಆಮೇಲೆ ಪ್ಲಗ್ಗು ಬಿಚ್ಚಿ ಸಾಲಾಗಿಟ್ಟೆ. ಬಲಗಡೆಯ ಎರಡು ಕಂದು, ಎಡಗಡೆಯ ಎರಡು ಸುಣ್ಣ ಬಳಿದ ಹಾಗೆ ಬಿಳಿ. ಅಂದರೆ ಎಡಗಡೆಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಕಾರ್ಬ್ಯುರೇಟರಿನಿಂದ ಹೆಡ್ಡಿಗೆ ಹೋಗುವ ಪೈಪಿನ, ಅಂದರೆ ಮ್ಯಾನಿಫೋಲ್ಡಿನ, ನಡುತುಂಡನ್ನು ಪಕ್ಕದ ತುಂಡಿಗೆ ಸೇರಿಸುವ ರಬ್ಬರ್ ತೋಳಿನ ಅಡಿಭಾಗವನ್ನು ಬೆರಳಿನಿಂದ ಒತ್ತಿದಾಗ ಸೀಳು ಬಾಯಿ ಬಿಟ್ಟಿತು. ಮೇಲಿನಿಂದ ನೋಡಿದರೆ ಅದು ಕಾಣುತ್ತಲೇ ಇರಲಿಲ್ಲ. ರಬ್ಬರ್ ಬದಲಾಯಿಸಿದ್ದಕ್ಕೇ ಐಡ್ಲಿಂಗ್ ನೆಟ್ಟಗಾಯಿತು. ಹೊಸ ಕಾರ್ಬ್ಯುರೇಟರ್ ಕೊಳ್ಳುವ ಮುಂಚೆ ಈ ಕೆಲಸ ಮಾಡಲೇಬೇಕು. ನಾನು ಹಾಗೇ ಮುಂದುವರಿದಿದ್ದರೆ ರಬ್ಬರಿನ ದೋಷವನ್ನು ಜೆಟ್ಟಿನಲ್ಲಿ ಹುಡುಕುತ್ತ ವಾರಗಟ್ಟಲೆ ಕೂರಬೇಕಾಗುತ್ತಿತ್ತು.

ಆದರೂ ಏರಿನಲ್ಲಿ ಉಸಿರು ಬರಲಿಲ್ಲ. ಇನ್ನೊಂದು ಕಾಯಿಲೆಯಿತ್ತು. ಒಂದೇ ಕಾರ್ಬ್ಯುರೇಟರಿನಿಂದ ಎರಡು ಕಡೆಯ ಹೆಡ್ಡುಗಳಿಗೆ ಪೆಟ್ರೋಲ್ ಮಿಶ್ರಿತ ಗಾಳಿ ಉದ್ದನೆಯ ಪೈಪಿನಲ್ಲಿ ಹೋಗಬೇಕು. ಪೈಪು ತಣ್ಣಗಿದ್ದರೆ ಪೆಟ್ರೋಲ್ ಹನಿಯಾಗಿ ಗೋಡೆಗೆ ಅಂಟುತ್ತದೆ. ಅದಕ್ಕೆಂದೇ ಸೈಲೆನ್ಸರಿನಿಂದ ಬಿಸಿ ಹೊಗೆ ತಂದು ಪೈಪಿನ ಕೆಳಗೆ ಹಾಯಿಸುವ ಸಣ್ಣ ಕೊಳವೆಯೊಂದಿದೆ. ನಮ್ಮ ಗಾಡಿಯಲ್ಲಿ ಅದು ಮಸಿ ಕಟ್ಟಿ ಪೂರ್ತಿ ಮುಚ್ಚಿತ್ತು. ತಂತಿ ತೂರಿಸಿದೆ, ಒಂದು ಇಂಚಿನಾಚೆ ಹೋಗಲಿಲ್ಲ. ಕೊಳವೆ ಬಿಡಿಸುವ ಖರ್ಚು ಲೆಕ್ಕ ಹಾಕಿದ ಮೇಲೆ, ಒಂದೊಂದು ಹೆಡ್ಡಿನ ಮೇಲೂ ಒಂದೊಂದು ಕಾರ್ಬ್ಯುರೇಟರ್ ಕೂರಿಸಿ ಆ ಉದ್ದದ ದಾರಿಯನ್ನೇ ಇಲ್ಲವಾಗಿಸುವುದು ಸರಿ ಅನ್ನಿಸಿತು. ಕ್ಯಾಲಿಫೋರ್ನಿಯಾದಲ್ಲಿ 1975ರವರೆಗಿನ ಮಾಡೆಲ್‌ಗಳಿಗೆ ಸ್ಮಾಗ್ (ಹೊಗೆ ಮಾಲಿನ್ಯ) ತಪಾಸಣೆ ಇಲ್ಲದ್ದರಿಂದ ಆ ತೊಡಕೂ ಇರಲಿಲ್ಲ.

ವೆಬರ್ 34 ಐಸಿಟಿ ಜೋಡಿ ಆರಿಸಿಕೊಂಡೆ. ಇವಕ್ಕೆ ಒಂದೊಂದೇ ಗಂಟಲು. ಎರಡೆರಡು ಗಂಟಲಿನ 40 ಐಡಿಎಫ್ ಹಾಕಿ ಎಂದವರಿದ್ದರು. ಕ್ಯಾಮು, ಹೆಡ್ಡು ಕಂಪನಿಯದ್ದೇ ಇರುವ 1600 ಎಂಜಿನ್ನಿಗೆ, ಅದರಲ್ಲೂ ಭಾರದ ವ್ಯಾನಿಗೆ, ಅಷ್ಟು ದೊಡ್ಡದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೂರಿಸುವ ಕೆಲಸ ಎರಡು ಶನಿವಾರ ಹಿಡಿಯಿತು. ಹಳೇ ಮ್ಯಾನಿಫೋಲ್ಡ್ ಎತ್ತಿದೊಡನೆ ಹೆಡ್ಡಿನ ತೂತುಗಳಿಗೆ ಬಟ್ಟೆ ತುರುಕಿ, ಎಷ್ಟು ತುಂಡು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನಟ್ಟೊಂದು ಒಳಗೆ ಜಾರಿದರೆ ಹೆಡ್ಡು ಇಳಿಸಬೇಕಾದೀತು. ಹಳೇ ಕಾರ್ಬ್ಯುರೇಟರಿನ ಹಿತ್ತಾಳೆಯ ಪೆಟ್ರೋಲ್ ನಳಿಕೆಯನ್ನು ಹಿಡಿದು ಅಲ್ಲಾಡಿಸಿದಾಗ ಅದು ಕೈಗೇ ಬಂತು. ಬರೀ ಒತ್ತಿ ಕೂರಿಸಿದ ನಳಿಕೆ, ಐವತ್ತು ವರ್ಷದಲ್ಲಿ ಸಡಿಲಾಗಿತ್ತು. ಓಡುವಾಗ ಕಳಚಿಕೊಂಡಿದ್ದರೆ ಪೆಟ್ರೋಲ್ ನೇರ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತಿತ್ತು. ಈ ಗಾಡಿಗಳು ಬೆಂಕಿ ಹೊತ್ತಿಕೊಳ್ಳಲು ಇದೊಂದು ಮುಖ್ಯ ಕಾರಣ. ಹಳೇ ಗಾಡಿ ಇಟ್ಟುಕೊಂಡವರು ಇವತ್ತೇ ಹೋಗಿ ಆ ನಳಿಕೆ ಹಿಡಿದು ನೋಡಿ, ದಯವಿಟ್ಟು. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ, ಹಾಗಾಗಿ ಪೈಪುಗಳನ್ನೂ ಪೂರ್ತಿ ಬದಲಿಸಿದೆ.

ಪೆಟ್ರೋಲ್ ಪಂಪಿನ ಒತ್ತಡ ಅಳೆದರೆ 4.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ವೆಬರಿಗೆ 3ರ ಆಸುಪಾಸು ಸಾಕು. ಜಾಸ್ತಿಯಾದರೆ ನೀಡಲ್ ವಾಲ್ವು ತಡೆಯಲಾರದೆ ಓವರ್‌ಫ್ಲೋ ಆಗುತ್ತದೆ. ಪಂಪಿನ ಬುಡಕ್ಕೆ ಎರಡು ಪ್ಯಾಕಿಂಗ್ ಹೆಚ್ಚಿಗೆ ಕೊಟ್ಟಾಗ ಕಡ್ಡಿಯ ತಳ್ಳಾಟ ಕಡಿಮೆಯಾಗಿ ಒತ್ತಡ 3ಕ್ಕೆ ಬಂತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೋ ಸಹ ಬದಲಾಯಿಸಿದೆ. ಹಿಂದಿನ ಮಾಲೀಕರು ಹಾಕಿದ್ದು ಎಂಜಿನ್ನಿನ ಹೀರುವಿಕೆಗೆ ತಕ್ಕಂತೆ ಕಿಡಿಯ ಸಮಯ ಬದಲಿಸುವ ವ್ಯಾಕ್ಯೂಮ್ ಇಲ್ಲದ 009 ಮಾದರಿ. ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ತಡವರಿಸಲು ಅದೂ ಪಾಲುದಾರ. ವ್ಯಾಕ್ಯೂಮ್ ಇರುವ ಡೆಲ್ಕೋ ಕೂರಿಸಿ, ವ್ಯಾಕ್ಯೂಮ್ ಪೈಪು ಬಿಚ್ಚಿಟ್ಟು ನಿಮಿಷಕ್ಕೆ 3,500 ಸುತ್ತಿನಲ್ಲಿ 30 ಡಿಗ್ರಿಗೆ ಟೈಮಿಂಗ್ ಹೊಂದಿಸಿದೆ.

ಇನ್ನು ಟ್ಯೂನಿಂಗ್. ಎಲ್ಲರೂ ಎಡವುವುದು ಐಡ್ಲಿಂಗ್ ಸ್ಕ್ರೂನಲ್ಲಿ. ಎಂಜಿನ್ ನಿಂತು ಹೋಗುತ್ತಿದೆ ಅಂತ ಅದನ್ನು ಒಂದೂವರೆ, ಎರಡು ಸುತ್ತು ತಿರುಗಿಸಿಬಿಡುತ್ತೇವೆ. ಆಗ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆ ಮೇಲಕ್ಕೆ ಸರಿದು, ಆಕ್ಸಿಲರೇಟರ್ ಒತ್ತಲು ಶುರುಮಾಡಿದಾಗ ತೆರೆದುಕೊಳ್ಳಬೇಕಾದ ಸಣ್ಣ ತೂತುಗಳು ಐಡ್ಲಿಂಗ್‌ನಲ್ಲೇ ತೆರೆದಿರುತ್ತವೆ. ಪೆಟ್ರೋಲ್ ಪಾಲು ಹೊಂದಿಸುವ ಐಡಲ್ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಉತ್ತರ ಕೊಡುವುದಿಲ್ಲ. ಸ್ಕ್ರೂ ತಟ್ಟೆಯ ಕೈಗೆ ಮುಟ್ಟಿದ ಜಾಗದಿಂದ ಅರ್ಧ ಸುತ್ತು, ಅದಕ್ಕಿಂತ ಹೆಚ್ಚು ಬೇಕಾಯಿತೆಂದರೆ ತಪ್ಪು ಬೇರೆಲ್ಲೋ ಇದೆ. ನನಗೆ ಮುಕ್ಕಾಲು ಸುತ್ತು ಬೇಕಾಯಿತು. ಐಡಲ್ ಜೆಟ್ 50 ಇತ್ತು, 55 ಹಾಕಿದೆ. ವ್ಯತ್ಯಾಸ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, ಅಷ್ಟೇ. ಸ್ಕ್ರೂ ಅರ್ಧ ಸುತ್ತಿಗೆ ನಿಂತಿತು, ಪಿಕಪ್ಪಿನ ತಡವರಿಕೆಯೂ ಹೋಯಿತು. 130ರ ಮೇನ್ ಜೆಟ್ ಮುಟ್ಟಲೇ ಇಲ್ಲ. ಊರೊಳಗಿನ ಓಡಾಟವೆಲ್ಲ ಐಡಲ್ ಜೆಟ್ಟಿನ ಮೇಲೇ ನಡೆಯುತ್ತದೆ, ಆದರೆ ಜನ ಮೊದಲು ಕೈಹಾಕುವುದು ಮೇನ್ ಜೆಟ್ಟಿಗೆ.

ಎರಡನ್ನೂ ಸಮ ಮಾಡುವುದಕ್ಕೆ ಅರ್ಧ ಗಂಟೆ ಗಾಡಿ ಓಡಿಸಿ ಬಂದೆ. ಈ ಎಂಜಿನ್ ಕಾದಾಗ ಅಗಲವಾಗುತ್ತದೆ, ಎರಡು ಹೆಡ್ಡುಗಳ ನಡುವಿನ ದೂರ ಹೆಚ್ಚುತ್ತದೆ. ಎರಡೂ ಕಾರ್ಬ್ಯುರೇಟರನ್ನು ಒಟ್ಟಿಗೆ ತೆರೆಯುವ ಲಿಂಕೇಜನ್ನು ತಣ್ಣಗಿರುವಾಗ ಹೊಂದಿಸಿದರೆ ಅದು ಬಿಸಿಯಲ್ಲಿ ಸುಳ್ಳಾಗುತ್ತದೆ. ಒಂದು ಕಡೆಯ ಲಿಂಕ್ ಕಡ್ಡಿ ಕಳಚಿಟ್ಟು, ಗಾಳಿ ಅಳೆಯುವ ಮೀಟರನ್ನು ಕಾರ್ಬ್ಯುರೇಟರಿನ ಬಾಯಿಗೆ ಒತ್ತಿ ಹಿಡಿದೆ. ಬಲಗಡೆ 6, ಎಡಗಡೆ 8. ಬಲದ ಸ್ಕ್ರೂ ಕೂದಲೆಳೆಯಷ್ಟು ಒಳಕ್ಕೆ, ಎಡದ್ದು ಹೊರಕ್ಕೆ. ಎರಡೂ 7ರಲ್ಲಿ ನಿಂತ ಗಳಿಗೆಯಲ್ಲಿ ಶಬ್ದವೇ ಬದಲಾಯಿತು. ಕುಂಟುತ್ತಿದ್ದ ತಾಳ ಒಂದೇ ಸಮನೆ ಬೀಳತೊಡಗಿತು, ಹಿಂದಿನ ಬಂಪರಿನ ಮೇಲಿಟ್ಟಿದ್ದ ಸ್ಪ್ಯಾನರ್ ಗಲಗಲ ಅನ್ನುವುದು ನಿಂತಿತು. ಆಮೇಲೆ ಕಳಚಿಟ್ಟ ಕಡ್ಡಿಯ ಉದ್ದವನ್ನು, ಸಿಕ್ಕಿಸಿದಾಗ ಥ್ರಾಟಲ್ ಒಂದಿಷ್ಟೂ ಅಲುಗದ ಹಾಗೆ ಹೊಂದಿಸಿ, 2,500 ಸುತ್ತಿನಲ್ಲಿ ಮತ್ತೆ ಅಳೆದೆ. ಈ ಎರಡನೇ ಅಳತೆ ಬಿಟ್ಟರೆ ನಿಂತಾಗ ಸರಿ, ಓಡುವಾಗ ಒಂದು ಕಡೆ ಹಿಂದುಳಿಯುತ್ತದೆ.

ತೊಂದರೆಗಳೂ ಇವೆ. ಆಟೋಮ್ಯಾಟಿಕ್ ಚೋಕ್ ಇಲ್ಲ, ಬೆಳಿಗ್ಗೆ ಪೆಡಲ್ ನಾಲ್ಕು ಸಲ ಒತ್ತಿ, ಸ್ಟಾರ್ಟ್ ಮಾಡಿ ಒಂದು ನಿಮಿಷ ಕಾಲು ತೆಗೆಯದೆ ಕೂರಬೇಕು. ಹಾಫ್ ಮೂನ್ ಬೇ ಹತ್ತಿರ ಕಡಲ ಮಂಜಿನಲ್ಲಿ ಒಮ್ಮೆ ಐಡ್ಲಿಂಗ್ ಸತ್ತೇಹೋಯಿತು. ತೆಗೆದು ನೋಡಿದರೆ ಗಂಟಲೊಳಗೆ ಬಿಳಿ ಹಿಮದ ಪೊರೆ. ಹತ್ತು ನಿಮಿಷ ನಿಲ್ಲಿಸಿದಾಗ ಹೆಡ್ಡಿನ ಬಿಸಿಗೆ ಕರಗಿತು. 3,000 ಮೀಟರ್ ಎತ್ತರದ ಟಿಯೋಗಾ ಕಣಿವೆದಾರಿಯಲ್ಲಿ ಗಾಳಿ ತೆಳುವಾಗಿ ಮಿಶ್ರಣ ರಿಚ್ ಆಯಿತು, ಅಂದರೆ ಪೆಟ್ರೋಲ್ ಪಾಲು ಹೆಚ್ಚಾಯಿತು, ಎಳೆತ ಕಮ್ಮಿಯಾಯಿತು. ಕೆಳಗಿಳಿದ ಮೇಲೆ ತಾನೇ ಸರಿಹೋಯಿತು.

ಹೆದ್ದಾರಿ 17ನ್ನು ಈಗ ಮೂರನೇ ಗೇರಿನಲ್ಲಿ 70ರಲ್ಲಿ ಹತ್ತುತ್ತೇನೆ. ಹೆಡ್ಡಿನ ಬಿಸಿ 195 ದಾಟುವುದಿಲ್ಲ. ಸಾವಿರ ಕಿಲೋಮೀಟರ್ ಆದ ಮೇಲೆ ನಾಲ್ಕೂ ಪ್ಲಗ್ಗು ಸಾಲಾಗಿಟ್ಟು ಫೋಟೋ ತೆಗೆದು ಮಾವನಿಗೆ ಕಳಿಸಿದೆ. ನಾಲ್ಕೂ ಕಾಫಿಪುಡಿ ಬಣ್ಣ ಅಂತ ನನ್ನ ಲೆಕ್ಕ. ಅವರು ಫೋನ್ ಮಾಡಿ, "ಮೂರನೇದು ಒಂಚೂರು ಬೆಳ್ಳಗಿದೆ ಕಣೋ, ನೋಡ್ಕೋ" ಅಂದರು. ಆ ಶನಿವಾರ ಎಡಗಡೆಯ ಮ್ಯಾನಿಫೋಲ್ಡ್ ನಟ್ಟುಗಳಿಗೆ ಸ್ಪ್ಯಾನರ್ ಇಟ್ಟು ನೋಡಿದೆ. ಒಂದು ನಟ್ಟು ಕಾಲು ಸುತ್ತು ಹಿಡಿಯಿತು.