ಐವತ್ತರ ಹೊತ್ತಿಗೆ ಮ್ಯಾರಥಾನ್: ಮೊದಲು ಹಿಮ್ಮಡಿ, ಆಮೇಲೆ ಉಸಿರು

ನಲವತ್ತೈದು ದಾಟಿ ಓಡಲು ಶುರು ಮಾಡಿದವರಿಗೆ ಕೈಕೊಡುವುದು ಉಸಿರಲ್ಲ, ಹಿಮ್ಮಡಿ. ಎರಡು ಮೂರು ತಿಂಗಳಲ್ಲಿ ದಮ್ಮು ಬಂದುಬಿಡುತ್ತದೆ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಅಕಿಲಿಸ್ ರಜ್ಜುವಿಗೆ ರಕ್ತ ಹರಿಯುವುದೇ ಕಮ್ಮಿ, ಅದು ಗಟ್ಟಿಯಾಗಲು ಇನ್ನೂ ಎಷ್ಟೋ ತಿಂಗಳು ಬೇಕು. ಬೇಸಿಗೆಯ ಟೆನ್‌ಕೆಗೆಂದು (10 ಕಿ.ಮೀ. ಓಟ) ಜನವರಿಯಲ್ಲಿ ಶೂ ಕೊಂಡವರು ಮಾರ್ಚ್‌ನಲ್ಲಿ ಕುಂಟುವುದು ಇದಕ್ಕೇ. ನನ್ನ ತಯಾರಿಯಲ್ಲಿ ಓಟಕ್ಕಿಂತ ಮೊದಲು ಮೆಟ್ಟಿಲು ಬಂತು.

ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಎರಡೂ ಕಾಲಲ್ಲಿ ಮೇಲೇಳಬೇಕು. ಆಮೇಲೆ ಒಂದೇ ಕಾಲಿನ ಮೇಲೆ ಭಾರ ಹಾಕಿ, ಮೂರು ಎಣಿಸುತ್ತಾ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಬೇಕು. ಮಂಡಿ ನೇರವಿಟ್ಟು ತಲಾ 15ರಂತೆ ಮೂರು ಸುತ್ತು, ಮಂಡಿ ಕೊಂಚ ಬಗ್ಗಿಸಿ ಮತ್ತೆ ಅಷ್ಟೇ. ಬಗ್ಗಿಸಿದಾಗ ಕೆಲಸ ಬೀಳುವುದು ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವಿಗೆ. ಓಡುವಾಗ ಹೆಚ್ಚು ಭಾರ ಹೊರುವುದೂ ಅದೇ, ಆದ್ದರಿಂದ ಇದನ್ನು ಬಿಡುವ ಹಾಗಿಲ್ಲ. ರಜ್ಜು ನೋಯುತ್ತಿದ್ದರೆ ದಿನಕ್ಕೆ ಎರಡು ಸಲ, 12 ವಾರ. ನೋವಿಲ್ಲದವರಿಗೆ ವಾರಕ್ಕೆ ಮೂರು ದಿನ ಸಾಕು. ಸಲೀಸಾದ ಮೇಲೆ ಬೆನ್ನಿನ ಬ್ಯಾಗಿಗೆ 5 ಕೆ.ಜಿ. ಅಕ್ಕಿ. ನೋವು ರಜ್ಜುವಿನ ನಡುವೆ ಇಲ್ಲದೆ ಮೂಳೆಗೆ ಅಂಟುವ ಜಾಗದಲ್ಲಿದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು, ನೆಲದ ಮೇಲೇ ಮಾಡಬೇಕು. ಬೆಳಗ್ಗೆ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ಹಿಂದಿನ ದಿನಕ್ಕಿಂತ ಬಿಗಿಯಾಗಿದ್ದರೆ ಅಂದು ಓಟವಿಲ್ಲ.

ಓಟ ಲಾಲ್‌ಬಾಗಿನಲ್ಲಿ, ಮಣ್ಣಿನ ಹಾದಿಯಲ್ಲಿ. ನಮ್ಮ ಫುಟ್‌ಪಾತ್ ಚಪ್ಪಡಿಗಳ ಮೇಲೆ ಕಾಲು ಉಳುಕಿಸಿಕೊಳ್ಳುವುದು ಬೇಡ. ಮೊದಲು ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಪಕ್ಕದವರೊಂದಿಗೆ ಇಡೀ ವಾಕ್ಯ ಆಡಲಾಗದಿದ್ದರೆ ವೇಗ ಜಾಸ್ತಿಯಾಯಿತು ಎಂದರ್ಥ. 220ರಲ್ಲಿ ವಯಸ್ಸು ಕಳೆದು ಗರಿಷ್ಠ ಹೃದಯ ಬಡಿತ ಹಿಡಿಯುವ ಲೆಕ್ಕ ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುತ್ತದೆ, ವಾಚಿಗಿಂತ ಮಾತೇ ವಾಸಿ.

ಇಂಟರ್‌ನೆಟ್‌ನಲ್ಲಿ ಸಿಗುವ ಏಳು ದಿನದ ವೇಳಾಪಟ್ಟಿಗಳು ಮೂವತ್ತರವರಿಗೆ. ಈ ವಯಸ್ಸಿಗೆ ಎರಡು ಕಠಿಣ ಓಟಗಳ ನಡುವೆ ಕನಿಷ್ಠ 48 ಗಂಟೆ ಬೇಕು, 72 ಆದರೆ ಇನ್ನೂ ಒಳ್ಳೆಯದು. ನಾನು ಹದಿನಾಲ್ಕು ದಿನದ ಚಕ್ರ ಇಟ್ಟುಕೊಂಡೆ: ಒಂದು ಭಾನುವಾರ ಉದ್ದ ಓಟ, ನಿಧಾನಕ್ಕೆ 30 ಕಿ.ಮೀ.ವರೆಗೆ ಏರಿಸಿ, ಮುಂದಿನ ಭಾನುವಾರ 15. ಮಧ್ಯೆ ವಾರಕ್ಕೊಂದೇ ಬಿರುಸಿನ ದಿನ, 800 ಮೀಟರ್ ಆರು ಸಲ. ಉಳಿದದ್ದೆಲ್ಲ ನಿಧಾನ.

ಊಟದಲ್ಲಿ ನಮ್ಮವರಿಗೆ ಕೊರತೆ ಬೀಳುವುದು ಪ್ರೊಟೀನ್. 65 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 80ರಿಂದ 100 ಗ್ರಾಂ ಬೇಕು. ತಿಳಿಸಾರು ಎಷ್ಟು ಕುಡಿದರೂ ಅದು ಸಿಗದು. ಗಟ್ಟಿ ತೊವ್ವೆ ಒಂದು ಬಟ್ಟಲಿಗೆ ಏಳೆಂಟು ಗ್ರಾಂ, ಮೊಟ್ಟೆಗೆ ಆರು, ಒಣ ಸೋಯಾ ಚಂಕ್ಸ್ 50 ಗ್ರಾಮಿಗೆ ಸುಮಾರು 25. ಮುದ್ದೆ ಉತ್ತಮ, ಆದರೆ ಉದ್ದ ಓಟದ ಹಿಂದಿನ ರಾತ್ರಿ ಬೇಡ. ನಾರು ಹೆಚ್ಚು, ಅರ್ಧ ದಾರಿಯಲ್ಲಿ ಹೊಟ್ಟೆ ಕೆಡಿಸುತ್ತದೆ. ಅಂದು ಮೊಸರನ್ನ. ಸುಸ್ತು ವಾರಗಟ್ಟಲೆ ಹೋಗದಿದ್ದರೆ ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಶುರುವಿಗೆ ಮುಂಚೆ ಹೃದಯ ತಪಾಸಣೆಯೂ ಆಗಿರಲಿ.

ವಯಸ್ಸಿಗೆ ಸಿಗುವ ರಿಯಾಯಿತಿಯೂ ಸಣ್ಣದಲ್ಲ. 2026ರ ಬಾಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಲು 35ರೊಳಗಿನ ಗಂಡಸರಿಗೆ ಇನ್ನೊಂದು ಮ್ಯಾರಥಾನನ್ನು 2 ಗಂಟೆ 55 ನಿಮಿಷದೊಳಗೆ ಮುಗಿಸಿದ ದಾಖಲೆ ಬೇಕಿತ್ತು. 50–54ರವರಿಗೆ 3 ಗಂಟೆ 20, ಅದೇ ವಯಸ್ಸಿನ ಹೆಂಗಸರಿಗೆ 3 ಗಂಟೆ 50.

ಬೆಂಗಳೂರಿನ ತಂಪಿನಲ್ಲಿ ಪಳಗಿದವರು ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೋದರೆ ಕಿಲೋಮೀಟರಿಗೆ 15 ಸೆಕೆಂಡು ನಿಧಾನ ಓಡುವ ಲೆಕ್ಕ ಇಟ್ಟುಕೊಳ್ಳಬೇಕು. ಸಮುದ್ರದ ತೇವಕ್ಕೆ ಬೆವರು ಆರುವುದಿಲ್ಲ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ, ಜೊತೆಗೆ ಉಪ್ಪು. ಬರೀ ನೀರು ಮೇಲಿಂದ ಮೇಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ಹುರುಪಿನಲ್ಲಿ ಮೊದಲ 10 ಕಿ.ಮೀ. ಜೋರಾಗಿ ಓಡಿದವರಿಗೆ ಕೊನೆಯಲ್ಲಿ ಪೆಡ್ಡರ್ ರೋಡಿನ ಏರು ಕಾದಿರುತ್ತದೆ.