ಲಾಂಗ್ ಕೋವಿಡ್: ವಿಮೆ ಮತ್ತು ಅಂಗವೈಕಲ್ಯದ ಕ್ಲೇಮಿಗೆ ವೈದ್ಯಕೀಯ ದಾಖಲೆ ಸಿದ್ಧಪಡಿಸುವ ಬಗೆ

ಕೋವಿಡ್ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಏದುಸಿರು, ವಿಪರೀತ ದಣಿವು, ಮರೆವಿನಿಂದ ಬಳಲುವವರು ಕ್ಲೇಮಿನ ಅರ್ಜಿಯೊಂದಿಗೆ ‘ಲಾಂಗ್ ಕೋವಿಡ್ ಇದೆ’ ಎಂಬ ಒಂದು ಸಾಲಿನ ವೈದ್ಯರ ಚೀಟಿಯನ್ನು ಲಗತ್ತಿಸಿ ಸುಮ್ಮನಾಗುತ್ತಾರೆ. ಆ ಚೀಟಿಯೊಂದರಿಂದ ಕೆಲಸ ಆಗುವುದಿಲ್ಲ. ಕಡತವನ್ನು ಪರಿಶೀಲಿಸುವ ವೈದ್ಯಾಧಿಕಾರಿಯು ಮುಖ್ಯವಾಗಿ ಹುಡುಕುವುದು, ಈ ವ್ಯಕ್ತಿ ಯಾವ ಕೆಲಸವನ್ನು ಎಷ್ಟರ ಮಟ್ಟಿಗೆ ಮಾಡಲಾರರು, ಅದನ್ನು ಯಾರು, ಯಾವ ದಿನ, ಹೇಗೆ ಅಳೆದು ನೋಡಿದರು ಎಂಬ ವಿವರವನ್ನು.

ಮೊದಲು ಪಾಲಿಸಿಯನ್ನು ತೆಗೆದು ಓದಬೇಕು. ಅಪಘಾತ ವಿಮೆಯಲ್ಲಿರುವ ಅಂಗವೈಕಲ್ಯದ ಪರಿಹಾರವು ಅಪಘಾತಕ್ಕೆ ಮಾತ್ರ ಅನ್ವಯಿಸುತ್ತದೆ. ಕಾಯಿಲೆಯಿಂದ ಬಂದ ಅಸಮರ್ಥತೆಗೆ ಅದರಲ್ಲಿ ಅರ್ಜಿ ಹಾಕುವುದು ವ್ಯರ್ಥ. ಆರೋಗ್ಯ ವಿಮೆಯು ಮುಖ್ಯವಾಗಿ ಒಳರೋಗಿ ಚಿಕಿತ್ಸೆಯ ವೆಚ್ಚವನ್ನು ಕೊಡುತ್ತದೆ. ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ವೆಚ್ಚಕ್ಕೆ 60 ದಿನಗಳ ಮಿತಿ ಇದೆ. ಲಾಂಗ್ ಕೋವಿಡ್ ಎಂದು ಹೆಸರಿಡಲು ವೈದ್ಯರಿಗೆ ಸಾಮಾನ್ಯವಾಗಿ ಮೂರು ತಿಂಗಳು ಬೇಕಾಗುವುದರಿಂದ, ಕಾಯಿಲೆಗೆ ಹೆಸರು ಬರುವ ಹೊತ್ತಿಗೆ ಈ ಸೌಲಭ್ಯವೇ ಮುಗಿದಿರುತ್ತದೆ. ಗಂಭೀರ ಕಾಯಿಲೆಗಳ ಪಾಲಿಸಿಯಲ್ಲಿ ಪಟ್ಟಿ ಮಾಡಿದ ರೋಗಗಳಿಗಷ್ಟೇ ಹಣ ಬರುತ್ತದೆ. ಅದರಲ್ಲಿ ಅಂತಿಮ ಹಂತದ ಶ್ವಾಸಕೋಶ ವೈಫಲ್ಯ ಸೇರಿದ್ದರೆ, ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ) ಪ್ರಮಾಣವು ಮೂರು ತಿಂಗಳ ಅಂತರದ ಮೂರು ತಪಾಸಣೆಗಳಲ್ಲಿ ಒಂದು ಲೀಟರಿಗಿಂತ ಕಡಿಮೆ ಇರಬೇಕು, ಶಾಶ್ವತವಾಗಿ ಆಮ್ಲಜನಕ ಬೇಕಾಗಿರಬೇಕು, ವಿಶ್ರಾಂತಿಯಲ್ಲಿದ್ದಾಗಲೂ ಉಸಿರಾಟಕ್ಕೆ ಕಷ್ಟವಾಗಬೇಕು. ಬರಿಯ ದಣಿವಿಗೆ ಆ ಬಾಗಿಲು ತೆರೆಯುವುದಿಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಮಿಕರ ಸ್ಥಿತಿ ಇದಕ್ಕಿಂತ ಮೇಲು. ಆರು ತಿಂಗಳ ವಂತಿಗೆಯ ಅವಧಿಯಲ್ಲಿ 78 ದಿನಗಳ ವಂತಿಗೆ ತುಂಬಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ದೀರ್ಘ ಕಾಯಿಲೆಗಳಿಗೆ ಇದಕ್ಕಿಂತ ಹೆಚ್ಚು ಕಾಲ ಸಿಗುವ ವಿಸ್ತರಿತ ಭತ್ಯೆಯ ಪಟ್ಟಿಯಲ್ಲಿ ಶ್ವಾಸಕೋಶದ ಇಂಟರ್‌ಸ್ಟಿಷಿಯಲ್ ಕಾಯಿಲೆಯೂ (ಅಂಗಾಂಶ ಗಟ್ಟಿಯಾಗಿ ಕಲೆ ಕಟ್ಟುವ ಬಗೆ) ಇರುವುದರಿಂದ, ಕೋವಿಡ್ ನಂತರ ಶ್ವಾಸಕೋಶದಲ್ಲಿ ಕಲೆ ಉಳಿದಿದ್ದರೆ ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ವರದಿಯಲ್ಲಿ ಆ ರೋಗನಿರ್ಣಯವು ಸ್ಪಷ್ಟವಾಗಿ ಬಂದಿದೆಯೇ ಎಂದು ನೋಡಿಕೊಳ್ಳಬೇಕು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಲಾಂಗ್ ಕೋವಿಡ್ ಇಲ್ಲ. ಆದ್ದರಿಂದ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕುವವರು ಕೋವಿಡ್ ಉಳಿಸಿಹೋದ ನಿರ್ದಿಷ್ಟ ಊನವನ್ನು, ಅಂದರೆ ಪಾರ್ಶ್ವವಾಯುವಿನಿಂದಾದ ಚಲನ ವೈಕಲ್ಯ, ಶ್ರವಣದೋಷ, ದೃಷ್ಟಿದೋಷ ಇತ್ಯಾದಿಗಳನ್ನು ಆಧಾರವಾಗಿ ತೋರಿಸಬೇಕು. ಹೆಚ್ಚಿನ ಸೌಲಭ್ಯಗಳಿಗೆ ಶೇ 40ರಷ್ಟು ವೈಕಲ್ಯ ಬೇಕು. 2021ರಲ್ಲಿ ಕಪ್ಪು ಶಿಲೀಂಧ್ರದಿಂದ ಒಂದು ಕಣ್ಣು ಕಳೆದುಕೊಂಡು, ಇನ್ನೊಂದು ಕಣ್ಣು ಸರಿಯಿರುವವರಿಗೆ ಮಾರ್ಗಸೂಚಿಯಂತೆ ಶೇ 30 ಮಾತ್ರ ಸಿಗುತ್ತದೆ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೂ ಅರ್ಜಿ ಹಾಕುವ ಮೊದಲು ತಿಳಿದಿರುವುದು ಒಳ್ಳೆಯದು. ಸರ್ಕಾರಿ ನೌಕರರು ಅದೇ ಕಾಯ್ದೆಯ 20(4)ನೇ ಕಲಮನ್ನು ನೆನಪಿಡಬೇಕು: ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯನ್ನೂ ಇಳಿಸುವಂತಿಲ್ಲ.

ಮುಂದಿನದು ಸೋಂಕಿನ ಪುರಾವೆ. ಆರ್‌ಟಿಪಿಸಿಆರ್ ವರದಿ, ಕೋವಿಡ್ ಪರೀಕ್ಷೆಯ ಮಾದರಿಗೆ ಕೊಟ್ಟ ಎಸ್‌ಆರ್‌ಎಫ್ ಸಂಖ್ಯೆ, ಡಿಸ್ಚಾರ್ಜ್ ಸಮರಿ, ಆಗಿನ ಸಿಟಿ ಸ್ಕ್ಯಾನ್ ಇವುಗಳಲ್ಲಿ ಇದ್ದಷ್ಟನ್ನೂ ಒಂದೆಡೆ ಸೇರಿಸಬೇಕು. ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟುಕೊಳ್ಳಬೇಕು ಮತ್ತು ಕೇಳಿದ 72 ಗಂಟೆಗಳೊಳಗೆ ಕೊಡಬೇಕು ಎಂಬುದು 2002ರ ವೈದ್ಯಕೀಯ ಪರಿಷತ್ತಿನ ನಿಯಮ. 2021ರ ಎರಡನೆಯ ಅಲೆಯ ಕಡತಗಳಿಗೆ ಆ ಅವಧಿ ದಾಟಿಹೋಗಿದೆಯಾದರೂ ಲಿಖಿತವಾಗಿ ಕೇಳುವುದರಿಂದ ನಷ್ಟವಿಲ್ಲ. ಆಗ ಪರೀಕ್ಷೆಯನ್ನೇ ಮಾಡಿಸದವರೂ ಕೈಬಿಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಕೊಟ್ಟ ವ್ಯಾಖ್ಯೆಯು ‘ದೃಢಪಟ್ಟ’ ಸೋಂಕಿನ ಜೊತೆಗೆ ‘ಸಂಭವನೀಯ’ ಸೋಂಕನ್ನೂ ಒಪ್ಪುತ್ತದೆ. ಕಾಯಿಲೆ ಆರಂಭವಾಗಿ ಸಾಮಾನ್ಯವಾಗಿ ಮೂರು ತಿಂಗಳಾಗಿರಬೇಕು, ಲಕ್ಷಣಗಳು ಕನಿಷ್ಠ ಎರಡು ತಿಂಗಳು ಇರಬೇಕು, ಅವಕ್ಕೆ ಬೇರೆ ಕಾರಣ ಸಿಗಬಾರದು ಎಂಬುದು ಅದರ ತಿರುಳು. ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಇದರ ಸಂಕೇತ ಯು09.9, ಅದನ್ನು ಚೀಟಿಯಲ್ಲಿ ಬರೆಯುವಂತೆ ವೈದ್ಯರನ್ನು ಕೇಳಬಹುದು.

ಬೇರೆ ಕಾರಣ ಇಲ್ಲ ಎಂದು ತೋರಿಸುವುದಕ್ಕೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12, ಇಸಿಜಿ, ಎಕೋ ಪರೀಕ್ಷೆಗಳು ಬೇಕು. ಇವೆಲ್ಲ ಸಹಜವಾಗಿ ಬಂದರೆ ‘ಏನೂ ಇಲ್ಲ’ ಎಂದು ಅರ್ಥವಲ್ಲ, ಲಾಂಗ್ ಕೋವಿಡ್ ಅನ್ನು ಖಚಿತಪಡಿಸುವ ರಕ್ತಪರೀಕ್ಷೆಯೇ ಇಲ್ಲ. ಆದ್ದರಿಂದಲೇ ದೇಹ ಕೆಲಸ ಮಾಡುವ ರೀತಿಯನ್ನು ಅಳೆಯುವ ತಪಾಸಣೆಗಳಿಗೆ ಹೆಚ್ಚು ತೂಕ. ಆರು ನಿಮಿಷದ ನಡಿಗೆಯಲ್ಲಿ ಕ್ರಮಿಸಿದ ದೂರವನ್ನೂ, ಮುಂಚೆ ಮತ್ತು ನಂತರದ ಆಮ್ಲಜನಕದ ಮಟ್ಟವನ್ನೂ ಬರೆಸಬೇಕು. ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪಿಎಫ್‌ಟಿ ಪರೀಕ್ಷೆಗೆ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಮರೆವು, ಏಕಾಗ್ರತೆಯ ಕೊರತೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ಮನಃಶಾಸ್ತ್ರಜ್ಞರಿಂದ ಮೌಲ್ಯಮಾಪನ ಕೇಳಬಹುದು. ನೆನಪು, ಗಮನವನ್ನು ಅಳೆಯುವ ಮೋಕಾ ಪರೀಕ್ಷೆಯ ಕನ್ನಡ ರೂಪವಿದೆ, ಅದನ್ನೇ ಕೇಳಬೇಕು. ಎದ್ದು ನಿಂತರೆ ತಲೆಸುತ್ತಿ ಎದೆಬಡಿತ ಹೆಚ್ಚುವವರಿಗೆ ಯಂತ್ರವೇ ಬೇಡ: ಸ್ವಲ್ಪ ಹೊತ್ತು ಮಲಗಿಸಿ, ನಂತರ ಹತ್ತು ನಿಮಿಷ ನಿಲ್ಲಿಸಿ, ನಿಮಿಷಕ್ಕೊಮ್ಮೆ ನಾಡಿ ಮತ್ತು ಬಿಪಿ ನೋಡಿದರೆ ಸಾಕು. ವಯಸ್ಕರಲ್ಲಿ ಬಿಪಿ ಬೀಳದೆ ನಾಡಿಬಡಿತವು ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಬಡಿತಗಳಷ್ಟು ಏರಿ ಹಾಗೆಯೇ ಉಳಿದರೆ ಅದು ಪಾಟ್ಸ್ ಎಂಬ ತೊಂದರೆಯ ಸೂಚನೆ. ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಈ ತಪಾಸಣೆಯನ್ನು ಕೇಳಿ ಮಾಡಿಸಿಕೊಳ್ಳುವವರು ಕಡಿಮೆ.

ಈ ಕಾಯಿಲೆಯ ದೊಡ್ಡ ತೊಡಕು ಶ್ರಮದ ನಂತರದ ಕುಸಿತ. ತಪಾಸಣೆಯ ದಿನ ರೋಗಿಯು ನೆಟ್ಟಗೆ ನಡೆದು ಬಂದು ಮಾತಾಡಿ ಹೋಗುತ್ತಾರೆ. ಒಂದೆರಡು ದಿನ ಬಿಟ್ಟು ಹಾಸಿಗೆ ಹಿಡಿಯುತ್ತಾರೆ, ಅದು ವರದಿಯಲ್ಲಿ ಬರುವುದೇ ಇಲ್ಲ. ಆದ್ದರಿಂದ ದಿನಚರಿ ಬರೆದಿಡಬೇಕು: ಮಾಡಿದ ಕೆಲಸ, ತೊಂದರೆ ಶುರುವಾದ ಹೊತ್ತು, ಚೇತರಿಸಿಕೊಳ್ಳಲು ಹಿಡಿದ ದಿನಗಳು. ಅದನ್ನು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಿ, ಓಪಿಡಿ ಚೀಟಿಯಲ್ಲಿ ಎರಡು ಸಾಲು ಬರೆಸಿದರೆ ಅದು ವೈದ್ಯಕೀಯ ದಾಖಲೆಯ ಭಾಗವಾಗುತ್ತದೆ. ಪುರಾವೆಗಾಗಿಯೇ ದೇಹವನ್ನು ಕಠಿಣ ವ್ಯಾಯಾಮದ ಪರೀಕ್ಷೆಗೆ ಒಡ್ಡುವುದು ಅಪಾಯಕಾರಿ.

ಕೊನೆಯಲ್ಲಿ ವೈದ್ಯರ ಪತ್ರವು ರೋಗಿಯ ಕಸುಬಿಗೆ ಹೊಂದಿಕೊಂಡಿರಬೇಕು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರಿಗೆ ಚೀಲ ಹೊತ್ತು ಎಷ್ಟು ಹೆಜ್ಜೆ ಇಡಬಲ್ಲರು ಎಂಬುದು ಮುಖ್ಯ. ಬೆಟಗೇರಿಯ ನೇಕಾರರಿಗೆ ಮಗ್ಗದ ಮುಂದೆ ಎಷ್ಟು ಹೊತ್ತು ಕೂರಬಲ್ಲರು ಎಂಬುದು. ಲೆಕ್ಕಪತ್ರ ನೋಡುವವರಿಗೆ ಗಮನ ಎಷ್ಟು ನಿಮಿಷ ನಿಲ್ಲುತ್ತದೆ ಎಂಬುದು. ‘ಶ್ರಮದ ಕೆಲಸ ಮಾಡಬಾರದು’ ಎಂಬ ವಾಕ್ಯಕ್ಕಿಂತ ‘ನಿಂತು ಮಾಡುವ ಕೆಲಸವನ್ನು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಮಾಡಲಾರರು, ನಂತರ ವಿಶ್ರಾಂತಿ ಬೇಕು, ಆರು ತಿಂಗಳ ಬಳಿಕ ಮರುಪರಿಶೀಲನೆ’ ಎಂಬುದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಇದ್ದುದಕ್ಕಿಂತ ಹೆಚ್ಚಾಗಿ ಬರೆಸಬಾರದು; ಹಳೆಯ ಸಕ್ಕರೆ ಕಾಯಿಲೆ, ದಮ್ಮು ಇದ್ದರೆ ಮುಚ್ಚಿಡಲೂಬಾರದು.

ಕ್ಲೇಮು ತಿರಸ್ಕೃತವಾದರೆ ಪಾಲಿಸಿಯ ಯಾವ ಷರತ್ತಿನ ಮೇಲೆ ಎಂದು ಲಿಖಿತ ಉತ್ತರ ಪಡೆದು, ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿಗೆ ದೂರು ಸಲ್ಲಿಸಬಹುದು; ಶುಲ್ಕವಿಲ್ಲ, ವಕೀಲರೂ ಬೇಡ. ಮೇಲೆ ಹೇಳಿದ ಕಾಗದಗಳ ನಕಲು ಪ್ರತಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ ದೂರಿನ ಜೊತೆಗೆ ಕಳುಹಿಸಬೇಕು, ಮೂಲ ಪ್ರತಿಗಳನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳಬೇಕು.