ಮುಖ ಬಿಡಿ, ಹೆಬ್ಬೆರಳು ನೋಡಿ

ನಮ್ಮ ಮನೆ ಹಜಾರದಲ್ಲಿ ಒಂದು ಪೆನ್ಸಿಲ್ ಸ್ಕೆಚ್ ಇದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕೊಂಡದ್ದು. ಹೂ ಕಟ್ಟುತ್ತಾ ಕೂತ ಅಜ್ಜಿ. ಎಣಿಸಿದರೆ ಮೂವತ್ತು ಗೆರೆಯೂ ಇಲ್ಲ. ಬಂದವರು "ಇನ್ನೂ ಮುಗಿಸಿಲ್ವಾ?" ಅಂತ ಕೇಳ್ತಾರೆ. ಮುಗಿದಿದೆ. ನೋಡುವ ಬಗೆ ಹೇಳ್ತೀನಿ.

ಮೊದಲು ಮುಖ ಹುಡುಕಬೇಡಿ. ಮೈಭಾರ ಎಲ್ಲಿ ಕೂತಿದೆ ನೋಡಿ. ನಿಂತ ಆಕೃತಿಯಾದರೆ ಕತ್ತಿನ ಗುಳಿಯಿಂದ ಗುಂಡು ಕಟ್ಟಿದ ದಾರ ಇಳಿಬಿಟ್ಟಂತೆ ಊಹಿಸಿಕೊಳ್ಳಿ. ಒಂದೇ ಕಾಲಿಗೆ ಭಾರ ಕೊಟ್ಟು ನಿಂತಿದ್ದರೆ ದಾರ ಆ ಪಾದದ ಹತ್ತಿರ ಬೀಳಬೇಕು. ಆ ಬದಿಯ ಸೊಂಟ ಮೇಲೆದ್ದು, ಹೆಗಲು ಇಳಿದಿರಬೇಕು. ಇಷ್ಟು ಸರಿಯಿದ್ದರೆ ಕಣ್ಣು ಮೂಗು ಇಲ್ಲದಿದ್ದರೂ ಮನುಷ್ಯ ನಿಂತೇ ನಿಲ್ಲುತ್ತಾನೆ.

ಆಮೇಲೆ ಪೆನ್ಸಿಲ್ ಎಲ್ಲಿ ಒತ್ತಿದೆ, ಎಲ್ಲಿ ಎದ್ದಿದೆ ನೋಡಿ. ನಮ್ಮ ಅಜ್ಜಿಯ ಬೆನ್ನಿಗೆ ಒಂದೇ ಗೆರೆ. ಕತ್ತಿನಲ್ಲಿ ಕೂದಲೆಳೆಯಂತೆ ಹೊರಟು, ನಡುವಿನ ಹತ್ತಿರ ಒತ್ತಿ ಕಪ್ಪಾಗಿ, ಅಲ್ಲೇ ನಿಂತುಬಿಡುತ್ತದೆ. ಅದರ ಕೆಳಗೆ ಖಾಲಿ ಹಾಳೆ. ಆದರೂ ನನಗಲ್ಲಿ ಸೀರೆಯ ನೆರಿಗೆ ಕಾಣುತ್ತದೆ. ಮುಖಕ್ಕೆ ಬಾಗಿದ ಹಣೆ, ಒಂದು ರೆಪ್ಪೆ, ಅಷ್ಟೆ. ಕಾಲಿನ ಹೆಬ್ಬೆರಳು ಮಾತ್ರ ಇಡೀ ಹಾಳೆಯಲ್ಲೇ ಗಾಢ: ಬಾಳೆನಾರು ಸುತ್ತಿಕೊಂಡು, ಎಳೆತಕ್ಕೆ ಸೆಟೆದಿದೆ. ನಮ್ಮಮ್ಮ ಹಾಗೇ ಕಟ್ಟುತ್ತಿದ್ದಳು. ನಾನು ದುಡ್ಡು ಕೊಟ್ಟದ್ದು ಆ ಬೆರಳಿಗೆ.

ತಪ್ಪಿದ ಗೆರೆಗಳನ್ನೂ ನೋಡಿ. ಮೊಣಕೈಗೆ ಎರಡು ಗೆರೆ ಇವೆ. ಮೊದಲನೆಯದನ್ನು ಕಲಾವಿದ ಅಳಿಸಿಲ್ಲ. ಆ ಎರಡರ ನಡುವೆ ಕೈ ಆಡಿದ ಹಾಗಿದೆ. ರಬ್ಬರ್ ಹಾಕಿದ್ದರೆ ಅದು ಹೋಗುತ್ತಿತ್ತು.

ಫ್ರೇಮ್ ಹಾಕಿಸುವ ಮುಂಚೆ ಒಮ್ಮೆ ಹಾಳೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒತ್ತಿದ ಕಡೆ ಗ್ರಾಫೈಟ್ ಮಿನುಗುತ್ತದೆ. ಕೈಯ ಬಿಗಿ, ಸಡಿಲ ಎಲ್ಲ ತಿಳಿಯುತ್ತದೆ. ಗಾಜಿನ ಹಿಂದೆ ಹೋದಮೇಲೆ ಇದು ಸಿಗುವುದಿಲ್ಲ.

ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ತಿಳಿಯಲೆಂದೇ ಕಥಕ್ ಕಲಿತವರು. ಅವರ ರೇಖಾಚಿತ್ರ ಸಿಕ್ಕರೆ ಗೆರೆಯ ಜೊತೆ ಗಾಳಿಯಲ್ಲಿ ಬೆರಳಾಡಿಸಿ. ಎಲ್ಲಿ ಓಡಿದೆ, ಎಲ್ಲಿ ಹೊರಳಿದೆ ಅನ್ನುವುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಕೊನೆಗೆ, ಚಿತ್ರದಲ್ಲಿರುವ ಭಂಗಿಯಲ್ಲೇ ನೀವು ಐದು ನಿಮಿಷ ಕೂತು ನೋಡಿ. ಕಾಲು ಚಾಚಿ, ಬೆನ್ನು ಬಾಗಿಸಿ. ನಡು ಹಿಡಿದುಕೊಂಡಾಗ ಎದ್ದು ಬಂದು ಆ ಕಪ್ಪು ಗೆರೆಯನ್ನು ಮತ್ತೊಮ್ಮೆ ನೋಡಿ.